ಸರ್ಕಾರಿ ವಸತಿ ಕಟ್ಟಡದ ಲಿಫ್ಟ್ ಎಎಂಸಿಯನ್ನು (ವರ್ಷದ ನಿರ್ವಹಣೆ ಕರಾರು) ಕಂಪನಿಗೇ ಕೊಡಬೇಕಾ, ಲೋಕಲ್ ಗುತ್ತಿಗೆದಾರರಿಗೆ ಕೊಡಬೇಕಾ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರೀತು. ರಾಯಚೂರು, ಎರಡು ಲಿಫ್ಟ್, ಮುಂದಿನ ತಿಂಗಳು ಎಎಂಸಿ ಮುಗಿಯುತ್ತೆ, ಲಿಫ್ಟ್ ಹಾಕಿದ ಕಂಪನಿ ದುಪ್ಪಟ್ಟು ರೇಟ್ ಹೇಳ್ತಿದೆ. ಸುಮಾರು ಹತ್ತು ವರ್ಷದ ಹಿಂದೆ ಬಳ್ಳಾರಿಯಲ್ಲಿ ಇದೇ ಫೈಲ್ ನನ್ನ ಟೇಬಲ್ ಮೇಲಿತ್ತು. ನಾನು ಎಲೆಕ್ಟ್ರಿಕಲ್ ಜೆಇ, ಅಂದರೆ ಜೂನಿಯರ್ ಎಂಜಿನಿಯರ್. ಯಾವ ಕಚೇರಿ ಅಂತ ಕೇಳಬೇಡಿ, ಇನ್ನೂ ಸರ್ವೀಸಿನಲ್ಲಿದ್ದೀನಿ.

ನಮ್ಮ ಕಡೆ ಬಡವರಿಗೆ ಕಟ್ಟುವ ಮನೆಗಳು ಸಾಮಾನ್ಯವಾಗಿ ಜಿ+2, ಜಿ+3 (ನೆಲಮಹಡಿ, ಮೇಲೆ ಎರಡೋ ಮೂರೋ ಮಹಡಿ). ಅಷ್ಟು ಎತ್ತರಕ್ಕೆ ಲಿಫ್ಟಿನ ಮಾತು ಬರೋದು ಕಡಿಮೆ. ನನ್ನ ಹಣೆಗೆ ಬಂದಿದ್ದು ಜಿ+5. ಅರವತ್ತು ಮನೆ, ಎರಡು ಲಿಫ್ಟ್, ಒಂದೊಂದರಲ್ಲೂ ಆರು ಜನ, 408 ಕೆಜಿ ಅಂತ ಬೋರ್ಡು. ಟೆಂಡರ್ ಕರೆದೆವು, ಎಲ್1 (ಎಲ್ಲರಿಗಿಂತ ಕಡಿಮೆ ರೇಟಿನವನು) ಬಂದ, ಕೊಟ್ಟೆವು. ರೇಟ್ ಕಂಪನಿಯ ಅರ್ಧಕ್ಕಿಂತ ಕಡಿಮೆ. ಸಾಹೇಬ್ರು ಬೆನ್ನು ತಟ್ಟಿದರು.

ನಾನು ಎಡವಿದ್ದು ಎಲ್1ಗೆ ಕೊಟ್ಟದ್ದರಲ್ಲಿ ಅಂದುಕೊಂಡರೆ ಮುಂದಿನದು ನಿಮಗೆ ಉಪಯೋಗಕ್ಕೆ ಬರಲ್ಲ. ಎಡವಿದ್ದು ಒಂದು ಶಬ್ದದಲ್ಲಿ. ಬೇರೆ ಕಟ್ಟಡದ ಹಳೇ ಟೆಂಡರಿನ ಸಾಫ್ಟ್ ಕಾಪಿ ತೆಗೆದು ಹೆಸರು, ದಿನಾಂಕ ಬದಲಿಸಿದ್ದೆ. ಅದರಲ್ಲಿ ಹೀಗೊಂದು ಷರತ್ತು: 'ದೂರು ಬಂದ 4 ಗಂಟೆಯೊಳಗೆ ಅಟೆಂಡ್ ಮಾಡತಕ್ಕದ್ದು, ತಪ್ಪಿದಲ್ಲಿ ದಿನಕ್ಕೆ 500 ರೂಪಾಯಿ ದಂಡ.' ಓದಿದರೆ ಎಷ್ಟು ಖಡಕ್ಕಾಗಿದೆ ನೋಡಿ. ನನಗೂ ಹಾಗೇ ಅನಿಸಿತ್ತು. ಅಟೆಂಡ್ ಅಂದರೇನು? ಬರೋದು. ಬಂದು, ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗೋದು. ಲಿಫ್ಟ್ ಓಡಬೇಕು ಅಂತ ಆ ಕರಾರಿನ ಹದಿನಾಲ್ಕು ಪುಟದಲ್ಲಿ ಒಂದು ಕಡೆಯೂ ಇರಲಿಲ್ಲ. ನಿಜವಾಗಲೂ ಇರಲಿಲ್ಲ, ಆಮೇಲೆ ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಹುಡುಕಿದ್ದೀನಿ. ತಿಂಗಳಿಗೊಮ್ಮೆ ಗ್ರೀಸ್ ಹಾಕಬೇಕು, ಇತ್ತು. ಲಿಫ್ಟ್ ಕೆಳಗಿನ ಗುಂಡಿ (ಪಿಟ್) ಗುಡಿಸಬೇಕು, ಇತ್ತು. ಟೆಕ್ನೀಷಿಯನ್ ಯೂನಿಫಾರ್ಮ್ ಹಾಕಿರಬೇಕು ಅಂತಲೂ ಇತ್ತು!

ಏಪ್ರಿಲ್‌ನಲ್ಲಿ ಒಂದು ಲಿಫ್ಟ್ ನಿಂತಿತು. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ, ಮೇಲಿನ ಮಷೀನ್ ರೂಮಿನ ಕಬ್ಬಿಣದ ಬಾಗಿಲು ಮುಟ್ಟೋಕಾಗಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಕಾರ್ಡ್ ಸುಟ್ಟಿತ್ತು. ವೋಲ್ಟೇಜ್ ಏರುಪೇರಿನಿಂದ ಆದದ್ದಕ್ಕೆ ನಾವು ಜವಾಬ್ದಾರರಲ್ಲ, ಕರೆಂಟ್ ಕಂಪನಿ ಜೆಸ್ಕಾಂನವರನ್ನ ಕೇಳಿ ಅಂದ ಗುತ್ತಿಗೆದಾರ. ಅದೂ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅರವತ್ತು ಮನೆಯ ಭಾರ ಒಂದೇ ಲಿಫ್ಟಿನ ಮೇಲೆ ಬಿತ್ತು. ಮೂರನೇ ವಾರಕ್ಕೆ ಅದೂ ನಿಂತಿತು. ಬಾಗಿಲಿನ ರೋಲರ್ ಸವೆದು, ಕೆಳಗೆ ಬಾಗಿಲು ಜಾರುವ ಸಂದಿಯಲ್ಲಿ ಮಣ್ಣು, ಗುಟ್ಕಾ ಚೀಟಿ ತುಂಬಿ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಬಾಗಿಲ ಲಾಕ್ ಕೂಡದೆ ಲಿಫ್ಟ್ ಹೊರಡಲ್ಲ, ಹೊರಡಲೂಬಾರದು. (ಜನ ಹೆದರೋದು ಹಗ್ಗ ಹರಿಯುತ್ತೆ ಅಂತ. ಹಗ್ಗ ಒಂದೇ ಇರಲ್ಲ, ವೇಗ ಮೀರಿದರೆ ಸೇಫ್ಟಿ ಬ್ರೇಕ್ ಹಿಡಿಸಿ ನಿಲ್ಲಿಸುವ ಗವರ್ನರ್ ಬೇರೆ ಇರುತ್ತೆ. ದಿನಾ ಕಾಟ ಕೊಡೋದು ಬಾಗಿಲು.)

ಗುತ್ತಿಗೆದಾರನ ಟೆಕ್ನೀಷಿಯನ್ ಅಂದರೆ ಹೊಸಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ. ಕೊಪ್ಪಳದ ಕಡೆಯದೂ ಸೇರಿ ನಲವತ್ತಕ್ಕೂ ಮೇಲೆ ಲಿಫ್ಟ್ ಅವನೊಬ್ಬನ ತಲೆ ಮೇಲೆ. ಪ್ರತಿ ದೂರಿಗೂ ತಪ್ಪದೆ ಬಂದ. ರಿಜಿಸ್ಟರ್ ತೆಗೆದರೆ ಪುಟದ ತುಂಬ ಒಂದೇ ಮಾತು: 'ಬಂದು ನೋಡಿದೆ. ಸ್ಪೇರ್ ಬೇಕು.' ಕೆಳಗೆ ಸಮಯ, ಸಹಿ. ಒಂದಿನ ಬೈದೆ. "ಏನ್ ಮಾಡ್ಲಿ ಸಾರ್, ಓನರ್ ಬರೀ ಬಸ್ ಚಾರ್ಜ್ ಕೊಡ್ತಾರ, ರೋಲರ್ ಕೊಡಂಗಿಲ್ಲ" ಅಂದ. ಅವನನ್ನ ಬೈದು ಏನು ಬಂತು?

ಐದನೇ ಮಹಡಿಯಲ್ಲಿ ಒಬ್ಬರು ಹಿರಿಯರು, ವಾರಕ್ಕೆ ಎರಡು ಸಲ ವಿಮ್ಸ್ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಇಬ್ಬರು ಮಕ್ಕಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದರು. ಕುರ್ಚಿಯ ಒಂದು ಕಾಲಿಗೆ ತಂತಿ ಸುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಓರೆಯಾದಾಗ ಅವರು ಗೋಡೆಗೆ ಅಂಗೈ ಊರುತ್ತಿದ್ದರು. ಸುಣ್ಣದ ಗೋಡೆ ಮೇಲೆ ಪ್ರತಿ ತಿರುವಿನಲ್ಲೂ ಅದೇ ಎತ್ತರಕ್ಕೆ ಕೈ ಆಡಿದ ಕಲೆ. ನಾನು ಇನ್‌ಸ್ಪೆಕ್ಷನ್‌ಗೆ ಹತ್ತುವಾಗ ಆ ಕಲೆ ನೋಡಿಕೊಂಡೇ ಹತ್ತಬೇಕಿತ್ತು.

ಒಂದು ಲಿಫ್ಟ್ 37 ದಿನ, ಇನ್ನೊಂದು 16 ದಿನ ನಿಂತವು. ತಿಂಗಳ ಬಿಲ್ ಬಂತು, ಜೊತೆಗೆ ರಿಜಿಸ್ಟರಿನ ಜೆರಾಕ್ಸ್. ಎಲ್ಲಾ ದೂರಿಗೂ 4 ಗಂಟೆಯೊಳಗೆ ಹಾಜರು, ದಂಡ ಸೊನ್ನೆ. ತಡೆಹಿಡಿದೆ. ಗುತ್ತಿಗೆದಾರ ಲಾಯರ್ ನೋಟಿಸ್ ಕಳಿಸಿದ. ನಮ್ಮ ಕಾನೂನು ಅಧಿಕಾರಿ ಫೈಲ್ ತಿರುವಿ, "ಓಡಿಸಬೇಕು ಅಂತ ಎಲ್ಲಿ ಬರ್ದೀರಿ ತೋರ್ಸಿ" ಅಂದರು. ತೋರಿಸಲಿಕ್ಕೆ ಏನಿತ್ತು? ನಾನೇ ಸಹಿ ಹಾಕಿ ಪಾಸ್ ಮಾಡಿದೆ. ನಿಂತ ಲಿಫ್ಟಿಗೆ ಪೂರ್ತಿ ದುಡ್ಡು.

ಹಾಗಾಗಿ ಕಂಪನಿಯಾ ಲೋಕಲ್ಲಾ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಾನು ಬರೆದಂಥ ಕರಾರು ಕೊಟ್ಟರೆ ಕಂಪನಿಯವರೂ ಯೂನಿಫಾರ್ಮ್ ಹಾಕಿಕೊಂಡು ಬಂದು ಸಹಿ ಹಾಕಿ ಹೋಗುತ್ತಾರೆ. ಒಂದನ್ನ ಮಾತ್ರ ಮೊದಲೇ ನೋಡಿಕೊಳ್ಳಿ: ಲಿಫ್ಟ್ ಓಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ನಿಮ್ಮ ಕಂಟ್ರೋಲರ್ ಯಾವುದು? ಕೆಲವು ಕಂಪನಿಯವಕ್ಕೆ ಪಾಸ್‌ವರ್ಡ್, ಸರ್ವಿಸ್ ಟೂಲ್ ಎಲ್ಲಾ ಅವರ ಕೈಯಲ್ಲೇ. ಅಂಥದ್ದಾದರೆ ಲೋಕಲ್‌ನವನು ದೇವರಾಣೆ ಮಾಡಿದರೂ ಎರರ್ ಕೋಡ್ ಅಳಿಸೋಕಾಗಲ್ಲ. ಆಗ ಕಂಪನಿಗೇ ಹೋಗಬೇಕು, ಟೆಂಡರ್ ಇಲ್ಲದೆ ಕೊಡೋದಾದರೆ ಕೆಟಿಪಿಪಿ (ಸರ್ಕಾರಿ ಖರೀದಿಯ ಪಾರದರ್ಶಕತೆ) ಕಾಯ್ದೆಯ 4(ಜಿ) ವಿನಾಯಿತಿಗೆ ಸರ್ಕಾರದ ತನಕ ಫೈಲ್ ಓಡಾಡಬೇಕು, ಈಗಲೇ ಶುರು ಮಾಡಿ. ಎಲ್ಲರಿಗೂ ಸಿಗುವ ಕಂಟ್ರೋಲರ್ ಆದರೆ ಧೈರ್ಯವಾಗಿ ಲೋಕಲ್ ಕೊಡಿ, ಸ್ಪೇರ್ ಸಮೇತದ ಕಾಂಪ್ರಹೆನ್ಸಿವ್ ಎಎಂಸಿ ಮಾಡಿ. ಏನೇನು ಸೇರಿದೆ ಅಂತ ಹೆಸರು ಹಿಡಿದು ಬರೆಸಿ: ಡ್ರೈವ್, ಬಾಗಿಲ ರೋಲರ್, ಬ್ರೇಕ್ ಶೂ, ಹಗ್ಗ, ಎಆರ್‌ಡಿ (ಕರೆಂಟ್ ಹೋದಾಗ ಲಿಫ್ಟನ್ನ ಹತ್ತಿರದ ಮಹಡಿಗೆ ಒಯ್ಯುವ ಸಾಧನ) ಬ್ಯಾಟರಿ. ಬ್ಯಾಟರಿ ಬಿಟ್ಟೀರಿ, ಕರೆಂಟ್ ಹೋದಾಗ ಒಳಗೆ ಸಿಕ್ಕಿಕೊಂಡವರು ಫೋನ್ ಮಾಡೋದು ನಿಮಗೇ. ಸ್ಟೆಬಿಲೈಸರ್ ಕಚೇರಿ ದುಡ್ಡಲ್ಲೇ ಹಾಕಿಸಿ, ಆ ವೋಲ್ಟೇಜ್ ಜಗಳ ಅಲ್ಲಿಗೇ ಮುಗಿಯಲಿ. ಲೈಸೆನ್ಸು, ತಪಾಸಣೆ 2012ರ ಲಿಫ್ಟ್ ಕಾಯ್ದೆ ಪ್ರಕಾರ ವಿದ್ಯುತ್ ಪರಿವೀಕ್ಷಣಾಲಯದ್ದು. ಅದನ್ನ ಗುತ್ತಿಗೆದಾರನ 'ಎಲ್ಲಾ ಸರಿ ಐತೆ' ಚೀಟಿಯ ಜೊತೆ ಕಲಸಬೇಡಿ. ಬ್ರಿಟನ್ನಿನಲ್ಲಿ 1998ರ ನಿಯಮದಂತೆ ಜನ ಹತ್ತುವ ಲಿಫ್ಟಿಗೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ಆಗಬೇಕು, ಅದನ್ನ ಸರ್ವಿಸ್ ಮಾಡುವವನ ಹಂಗಿಲ್ಲದವರು ಮಾಡಬೇಕು ಅನ್ನೋದು ಅಲ್ಲಿನ ಪದ್ಧತಿ. ಒಳ್ಳೇ ಪದ್ಧತಿ.

ಮರುವರ್ಷ ನಾನು ಬರೆದ ಷರತ್ತು ಇಷ್ಟೇ: ಲಿಫ್ಟ್ ಓಡಿದ ದಿನಕ್ಕೆ ದುಡ್ಡು. ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಒಟ್ಟು 4 ಗಂಟೆಗಿಂತ ಹೆಚ್ಚು ನಿಂತರೆ ಆ ದಿನದ ದುಡ್ಡಿಲ್ಲ, ಮೂರನೇ ದಿನದಿಂದ ಕಡಿತ ದುಪ್ಪಟ್ಟು. ಟೆಂಡರಿಗೆ ಮೂವರೇ ಬಂದರು, ರೇಟೂ ಏರಿತು. ಸಾಹೇಬ್ರು ಈ ಸಲ ಬೆನ್ನು ತಟ್ಟಲಿಲ್ಲ.

ನಿಂತದ್ದು ಎಷ್ಟು ಹೊತ್ತು ಅಂತ ಬರೆಯೋರು ಯಾರು? ವಾಚ್‌ಮನ್‌ಗೆ ಕೊಟ್ಟರೆ ಗುತ್ತಿಗೆದಾರನ ಟೀ ಕುಡಿದು ಬರೀತಾನೆ. ನೆಲಮಹಡಿಯಲ್ಲಿ ಲಿಫ್ಟ್ ಎದುರಿಗೇ ಇದ್ದ ಒಬ್ಬ ಅಕ್ಕ ತಾವಾಗೇ ಬರೆದಿಡುತ್ತಿದ್ದರು, ಅದು ನನಗೆ ಗೊತ್ತಾಗಿದ್ದೇ ತಡವಾಗಿ. ಅಡುಗೆಮನೆ ಬಾಗಿಲಿಗೆ ನೇತುಹಾಕಿದ ಕ್ಯಾಲೆಂಡರ್, ಹಾಲಿನ ಲೆಕ್ಕ ಬರೆಯೋದು. ಒಂದೊಂದು ಚೌಕದಲ್ಲಿ 'ಅರ್ಧ', 'ಒಂದು', 'ಇಲ್ಲ'. ಅದರ ಪಕ್ಕ ಕೆಂಪು ಪೆನ್ನಿನಲ್ಲಿ 'ಲಿ ನಿಂತ್ತು', ಗಂಟೆ ಸಮೇತ. ಹಾಲಿನವನು ಬಂದಾಗ ಟೈಮ್ ನೋಡೋದು ರೂಢಿಯಂತೆ, ಹಂಗೇ ಇದನ್ನೂ. ಹಿಂದಿನ ವರ್ಷದ 37 ದಿನವೂ ಅದರಲ್ಲಿತ್ತು, ನನ್ನ ರಿಜಿಸ್ಟರಿಗಿಂತ ಸರಿಯಾಗಿ. ಹೊಸ ಕರಾರಿನಲ್ಲಿ ನಿವಾಸಿಗಳ ದಾಖಲೆಗೆ ಜೆಇ ಸಹಿ ಹಾಕಿದರೆ ಅದೇ ಅಂತಿಮ ಅಂತ ಸೇರಿಸಿದೆ. ನೀವೂ ಸೇರಿಸಿ.

ಹೊಸ ಟೆಂಡರ್ ಆದದ್ದು ಹಳಬನಿಗೇ. ಮೊದಲ ಬಿಲ್ಲಿನಲ್ಲಿ ಮೂರು ದಿನ ಕಟ್ ಮಾಡಿದೆ, ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿದ. ಮುಂದಿನ ವಾರ ಬಾಗಿಲು ಮತ್ತೆ ಸಿಕ್ಕಿಕೊಂಡಾಗ ಅದೇ ಹೊಸಪೇಟೆ ಹುಡುಗ ಬಂದ. ಬ್ಯಾಗ್ ಬಿಚ್ಚಿ ಹಳೇ ಪೇಪರಿನಲ್ಲಿ ಸುತ್ತಿದ್ದ ನಾಲ್ಕು ರೋಲರ್ ನೆಲದ ಮೇಲಿಟ್ಟು, "ಓನರ್ ಕೊಟ್ಟಾರ ಸಾರ್, ಎರಡು ಎಕ್ಸ್‌ಟ್ರಾನೇ ಅದಾವ" ಅಂದ.