ಸ್ಪಾರ್ಟಾ ಸೋತದ್ದು ಊಟದ ಪಂಕ್ತಿಯಲ್ಲಿ

ಶಿರಸಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯ ಗ್ರೀಸ್ ಲೇಖನ ಓದಿ ನೀವು ಕೇಳಿದ್ದು ಇಷ್ಟು: ‘ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಮಣಿಸಿದ ಸ್ಪಾರ್ಟಾ ಬರೀ 33 ವರ್ಷದಲ್ಲಿ ಥೀಬ್ಸ್ ಕೈಲಿ ಸೋತದ್ದು ಹೇಗೆ? ಸುಖ ಹೆಚ್ಚಾಗಿ ಯೋಧರು ಮೆತ್ತಗಾದರು ಅಂತ ಒಂದು ಸಾಲು ಬರೆದು ಮುಗಿಸಿದ್ದೀರಲ್ಲ, ಅಷ್ಟೇನಾ?’

ಅಷ್ಟೇ ಅಲ್ಲ. ಆ ಸಾಲನ್ನು ನಾನು ಹಾಗೇ ಬಿಡಬಾರದಿತ್ತು.

ಗೆದ್ದ ಮೇಲೆ ಸ್ಪಾರ್ಟಾಕ್ಕೆ ಬೆಳ್ಳಿ ಹರಿದು ಬಂತು, ನಿಜ. ಅದರಿಂದಲೇ ಊರು ಕೆಟ್ಟಿತು ಅಂತ ಗ್ರೀಕರೇ ದೂರಿದ್ದಾರೆ. ಆದರೆ ತಲೆ ಎಣಿಸಿ ನೋಡಿ. 480ರಲ್ಲಿ ಪರ್ಷಿಯಾದ ದಂಡು ಬಂದಾಗ ಸ್ಪಾರ್ಟಾದಲ್ಲಿ ಪೂರ್ಣ ಹಕ್ಕಿನ ಗಂಡಸರು ಸುಮಾರು 8000 ಇದ್ದರು ಅನ್ನುತ್ತದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಲೆಕ್ಕ. 371ರಲ್ಲಿ ಥೀಬ್ಸ್ ಎದುರು ಸೋತ ಲ್ಯೂಕ್ಟ್ರಾ ಬಯಲಿಗೆ ಹೋದ ಸೈನ್ಯದಲ್ಲಿ ಅಂಥವರು ಬರೀ 700. ಸೈನ್ಯ ದೊಡ್ಡದೇ, ಆದರೆ ಉಳಿದವರು ಮಿತ್ರ ಊರುಗಳವರು, ಇಲ್ಲವೇ ಪೂರ್ಣ ಹಕ್ಕಿಲ್ಲದವರು.

ಮಿಕ್ಕವರೆಲ್ಲ ಎಲ್ಲಿ ಹೋದರು? ಯುದ್ಧದಲ್ಲಿ ಸತ್ತರು, ಒಂದು ದೊಡ್ಡ ಭೂಕಂಪದಲ್ಲೂ ಸತ್ತರು. ಆದರೆ ಜಾಸ್ತಿ ಪೆಟ್ಟು ಕೊಟ್ಟದ್ದು ಊಟದ ಪಂಕ್ತಿ ಅಂತಲೇ ನನ್ನ ಅನಿಸಿಕೆ. ಅಲ್ಲಿ ಗಂಡಸರು ದಿನಾ ಒಟ್ಟಿಗೆ ಕೂತು ಊಟ ಮಾಡಬೇಕು, ಪ್ರತಿಯೊಬ್ಬನೂ ತಿಂಗಳಿಗೆ ಇಷ್ಟು ಬಾರ್ಲಿ ಹಿಟ್ಟು, ಇಷ್ಟು ವೈನ್, ಚೀಸ್, ಅಂಜೂರ ಅಂತ ತನ್ನ ಜಮೀನಿನಿಂದ ತಂದು ಕೊಡಬೇಕು. ಕೊಡಲಾಗದವನು ಪಂಕ್ತಿಯಿಂದ ಹೊರಗೆ, ಪಂಕ್ತಿ ತಪ್ಪಿದರೆ ಪ್ರಜೆಯ ಹಕ್ಕೂ ಇಲ್ಲ. ಜಮೀನು ಮದುವೆ, ವರದಕ್ಷಿಣೆ, ಉಯಿಲು ಅಂತ ಕೆಲವೇ ಮನೆಗಳಿಗೆ ಸೇರುತ್ತಾ ಹೋಯಿತು. ಮಿಕ್ಕವರು ಒಬ್ಬೊಬ್ಬರಾಗಿ ಪಂಕ್ತಿಯಿಂದ ಎದ್ದರು. ಅರಿಸ್ಟಾಟಲ್ ಇದನ್ನು ನೇರವಾಗಿಯೇ ಹೇಳುತ್ತಾನೆ: 30,000 ಕಾಲಾಳುಗಳನ್ನು ಸಾಕಬಲ್ಲ ನೆಲ, ಇದ್ದವರು ಸಾವಿರವೂ ಇಲ್ಲ. ಆದರೂ ಆ ನಿಯಮವನ್ನು ಯಾರೂ ಸಡಿಲಿಸಲಿಲ್ಲ. ನನಗೆ ತುಂಬಾ ಬೇಜಾರಾಗುವುದು ಇಲ್ಲೇ.

ಲ್ಯೂಕ್ಟ್ರಾದಲ್ಲಿ ಥೀಬ್ಸ್‌ನ ದಂಡನಾಯಕ ಎಪಮಿನಾಂಡಸ್ ತನ್ನ ಎಡಗಡೆ 50 ಸಾಲು ಆಳಕ್ಕೆ ಜನರನ್ನು ನಿಲ್ಲಿಸಿ, ಸ್ಪಾರ್ಟಾದ ರಾಜ ನಿಂತ ಜಾಗಕ್ಕೇ ನುಗ್ಗಿಸಿದ. ಎದುರಿಗಿದ್ದದ್ದು 12 ಸಾಲು. ರಾಜ ಸತ್ತ, ಆ 700ರಲ್ಲಿ 400 ಮಂದಿ ಸತ್ತರು.

ಸುದ್ದಿ ಊರಿಗೆ ಬಂದ ಹೊತ್ತನ್ನು ಆ ಕಾಲದ ಗ್ರೀಕ್ ಇತಿಹಾಸಕಾರ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಅಂದು ಹಬ್ಬದ ಕೊನೆಯ ದಿನ, ಗಂಡಸರ ಮೇಳ ಹಾಡುತ್ತಿತ್ತು. ಅಧಿಕಾರಿಗಳು ಹಾಡು ನಿಲ್ಲಿಸಲಿಲ್ಲ. ಆಮೇಲೆ ಸತ್ತವರ ಹೆಸರು ಅವರವರ ಮನೆಗೆ ತಿಳಿಸಿ, ಹೆಂಗಸರಿಗೆ ಗೋಳಾಡಬೇಡಿ ಅಂದರು. ಮಾರನೇ ದಿನ ಸತ್ತವರ ಮನೆಯವರು ನಗುಮುಖದಿಂದ ಬೀದಿಯಲ್ಲಿ ಓಡಾಡಿದರಂತೆ. ತಮ್ಮವರು ಬದುಕಿ ಉಳಿದ ಮನೆಯವರು ತಲೆ ತಗ್ಗಿಸಿಕೊಂಡು ಹೋದರಂತೆ. ಇವರನ್ನು ಮೆತ್ತಗಾದವರು ಅಂತ ಹೇಗೆ ಕರೆಯುವುದು, ಹೇಳಿ? ಧೈರ್ಯ ಹಾಗೇ ಇತ್ತು. ಜನ ಇರಲಿಲ್ಲ.

ಮುಂದಿನ ಪೆಟ್ಟು ಇನ್ನೂ ದೊಡ್ಡದು. ಎಪಮಿನಾಂಡಸ್ ಸ್ಪಾರ್ಟಾದ ನೆಲಕ್ಕೇ ನುಗ್ಗಿ, ಮೆಸ್ಸೀನಿಯಾದ ಹೆಲಟ್‌ಗಳನ್ನು, ಅಂದರೆ ತಲೆಮಾರುಗಳಿಂದ ಸ್ಪಾರ್ಟಾದವರಿಗಾಗಿ ಹೊಲ ಉತ್ತವರನ್ನು, ಬಿಡಿಸಿದ. 369ರಲ್ಲಿ ಅವರಿಗೆ ಮೆಸ್ಸೀನಿ ಅನ್ನುವ ಊರು ಕಟ್ಟಿಸಿದ. ಅದರ ಕಲ್ಲಿನ ಕೋಟೆ ಗೋಡೆ ಈಗಲೂ ನಿಂತಿದೆ. ಆ ಹೊಲಗಳು ಹೋದ ಮೇಲೆ ಪಂಕ್ತಿಗೆ ಹಿಟ್ಟು ತರುವವರು ಯಾರು?

ಥೀಬ್ಸ್ ಬಗ್ಗೆಯೂ ಕೇಳಿದ್ದೀರಿ. ಅದರ ಬಲ ಹೆಚ್ಚು ಕಾಲ ಬಾಳಲಿಲ್ಲ. 362ರಲ್ಲಿ ಮ್ಯಾಂಟಿನಿಯಾದ ಕದನದಲ್ಲಿ ಎಪಮಿನಾಂಡಸ್ ಸತ್ತ, ಅವನ ಜಾಗ ತುಂಬುವವರು ಇರಲಿಲ್ಲ. ಅಷ್ಟರೊಳಗೆ ಥೀಬ್ಸ್‌ನಲ್ಲಿ ಒತ್ತೆಯಾಳಾಗಿದ್ದ ಉತ್ತರದ ಮ್ಯಾಸಿಡಾನ್ ರಾಜ್ಯದ ರಾಜಮನೆತನದ ಹುಡುಗ ಫಿಲಿಪ್ ಊರಿಗೆ ಮರಳಿ ಆಗಿತ್ತು. 338ರಲ್ಲಿ ಅವನೇ ಕೈರೋನಿಯಾದಲ್ಲಿ ಥೀಬ್ಸ್ ಮತ್ತು ಅಥೆನ್ಸ್ ಎರಡನ್ನೂ ಸೋಲಿಸಿದ. ಅಲ್ಲೊಂದು ಕಲ್ಲಿನ ಸಿಂಹ ಇದೆ. ಅದರ ಬುಡದಲ್ಲಿ ಅಗೆದಾಗ ಸಾಲಾಗಿ ಮಲಗಿಸಿದ 254 ಅಸ್ಥಿಪಂಜರಗಳು ಸಿಕ್ಕವು.

– ಸಂ.