ಓದುಗರ ಪ್ರಶ್ನೆ: ಗಾರ್ಫೀಲ್ಡ್ ಬರೆಯದ ಆದೇಶ

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಜೇಮ್ಸ್ ಗಾರ್ಫೀಲ್ಡ್ ಹುಡುಗನಾಗಿದ್ದಾಗ ಕಾಲುವೆಯಲ್ಲಿ ದೋಣಿ ನಡೆಸುತ್ತಿದ್ದರಂತೆ, ನಿಜವೇ?

ಉತ್ತರ: ನಡೆಸಿದ್ದಕ್ಕಿಂತ ಎಳೆಸಿದ್ದೇ ಹೆಚ್ಚು. ಅವರು ಹುಟ್ಟಿದ್ದು 1831ರ ನವೆಂಬರ್ 19ರಂದು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಬಳಿ, ಮರದ ದಿಮ್ಮಿಗಳ ಮನೆಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. 16ರ ವಯಸ್ಸಿನಲ್ಲಿ, 1848ರಲ್ಲಿ, ‘ಈವನಿಂಗ್ ಸ್ಟಾರ್’ ಎಂಬ ಸರಕಿನ ದೋಣಿಗೆ ಸೇರಿದರು. ದೋಣಿಗೆ ಕಟ್ಟಿದ ಹಗ್ಗವನ್ನು ದಡದ ಹಾದಿಯಲ್ಲಿ ಎಳೆಯುವ ಪ್ರಾಣಿಗಳನ್ನು ಹೊಡೆಯುವುದು ಅವರ ಕೆಲಸ. ಈಜು ಬಾರದ ಹುಡುಗ ಪದೇಪದೇ ನೀರಿಗೆ ಬಿದ್ದ. ಸುಮಾರು ಆರು ವಾರಕ್ಕೆ ಮಲೇರಿಯಾ ಹಿಡಿದು ಮನೆ ಸೇರಿದ. ತಾಯಿಯ ಮಾತಿಗೆ ಒಪ್ಪಿ ಮರುವರ್ಷ ಓದಲು ಹೋದ. ಅಧ್ಯಕ್ಷ ಚುನಾವಣೆಯ ಹೊತ್ತಿಗೆ, ಪ್ರಚಾರದ ಮಾತಿನಲ್ಲಿ, ಈ ಆರು ವಾರಗಳು ಬಹಳ ಉದ್ದವಾಗಿ ಬೆಳೆದಿದ್ದವು!

ಪ್ರಶ್ನೆ: ಮೇಷ್ಟ್ರಾಗಿದ್ದವರು ಕರ್ನಲ್ ಆದದ್ದು ಹೇಗೆ?

ಉತ್ತರ: 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ರೆಜಿಮೆಂಟುಗಳನ್ನು ಕಟ್ಟುತ್ತಿದ್ದದ್ದು ರಾಜ್ಯ ಸರ್ಕಾರಗಳು; ಒಹಾಯೊ ಉತ್ತರದ ಕಡೆ. ಜನರನ್ನು ಸೇರಿಸಬಲ್ಲವರಿಗೆ ಹುದ್ದೆ ಸಿಗುತ್ತಿತ್ತು. ಹೈರಮ್ ಊರಿನ ವಿದ್ಯಾಸಂಸ್ಥೆಯ ಮುಖ್ಯಸ್ಥರೂ ರಾಜ್ಯ ಸೆನೆಟರೂ ಆಗಿದ್ದ ಗಾರ್ಫೀಲ್ಡ್ 42ನೇ ಒಹಾಯೊ ರೆಜಿಮೆಂಟಿಗೆ ತಮ್ಮ ವಿದ್ಯಾರ್ಥಿಗಳನ್ನೇ ತಂದರು. ಕವಾಯತನ್ನು ಪುಸ್ತಕ ಓದಿ, ಮರದ ತುಂಡುಗಳನ್ನು ಮೇಜಿನ ಮೇಲೆ ಸರಿಸಿ ಕಲಿತರು. 1862ರ ಜನವರಿ 10ರಂದು ಕೆಂಟಕಿಯ ಮಿಡ್ಲ್ ಕ್ರೀಕ್‌ನಲ್ಲಿ ದಕ್ಷಿಣದ ಜನರಲ್ ಹಂಫ್ರಿ ಮಾರ್ಷಲ್‌ರ ಪಡೆಯನ್ನು ಎದುರಿಸಿದರು. ಸಾವುನೋವು ಕಡಿಮೆ, ಇಬ್ಬರೂ ಗೆದ್ದೆವೆಂದರು. ಆದರೆ ಜಾಗ ಬಿಟ್ಟು ಹೋದವರು ಮಾರ್ಷಲ್. ಗಾರ್ಫೀಲ್ಡ್ ಬ್ರಿಗೇಡಿಯರ್ ಜನರಲ್ ಆದರು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಆಮೇಲಿನದು: ಬಿಗ್ ಸ್ಯಾಂಡಿ ನದಿ ಉಕ್ಕಿ ಸೈನಿಕರಿಗೆ ಊಟ ತಲುಪದೆ ಹೋದಾಗ, ಉಗಿದೋಣಿಯ ಚುಕ್ಕಾಣಿ ತಾವೇ ಹಿಡಿದು ಪ್ರವಾಹದ ಎದುರು ಆಹಾರ ತಂದದ್ದು.

ಪ್ರಶ್ನೆ: ಚಿಕಮಾಗಾ ಯುದ್ಧದ ಸೋಲಿಗೆ ಅವರು ಬರೆದ ಆದೇಶವೇ ಕಾರಣವೇ?

ಉತ್ತರ: ಅಲ್ಲ, ಆ ಆದೇಶ ಅವರು ಬರೆದದ್ದಲ್ಲ. 1863ರಲ್ಲಿ, ಇದೇ ಅಂತರ್ಯುದ್ಧದಲ್ಲಿ, ಅವರು ಉತ್ತರದ ಸೇನಾಪತಿ ಜನರಲ್ ರೋಸ್‌ಕ್ರಾನ್ಸ್‌ರ ಚೀಫ್ ಆಫ್ ಸ್ಟಾಫ್, ಅಂದರೆ ಮುಖ್ಯ ಸಹಾಯಕ ಅಧಿಕಾರಿ. ಆದೇಶಗಳನ್ನು ಸಾಮಾನ್ಯವಾಗಿ ಅವರೇ ಬರೆಯುತ್ತಿದ್ದರು. ಸೆಪ್ಟೆಂಬರ್ 20ರ ಆ ಒಂದು ಚೀಟಿಯನ್ನು ಮಾತ್ರ ಬರೆದವರು ಮೇಜರ್ ಫ್ರಾಂಕ್ ಬಾಂಡ್.

ರೋಸ್‌ಕ್ರಾನ್ಸ್‌ರ ಸೇನೆಯ ಸಾಲಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ರೆನಾಲ್ಡ್ಸ್, ಬ್ರಾನನ್, ವುಡ್ ಎಂಬ ಮೂವರ ಡಿವಿಜನ್‌ಗಳಿದ್ದವು. ಬ್ರಾನನ್‌ರವರು ಕಾಡಿನ ಮರೆಯಲ್ಲಿದ್ದುದರಿಂದ ಅವರ ಜಾಗ ಖಾಲಿ ಎಂದು ತಪ್ಪು ವರದಿ ಬಂತು. ಆದಷ್ಟು ಬೇಗ ರೆನಾಲ್ಡ್ಸ್‌ಗೆ ಒತ್ತಿಕೊಂಡು ನಿಂತು ಬೆಂಬಲ ಕೊಡಿ ಎಂದು ವುಡ್‌ಗೆ ಆದೇಶ ಹೋಯಿತು. ನಡುವೆ ಬ್ರಾನನ್ ಇರುವಾಗ ಒತ್ತಿಕೊಳ್ಳುವುದು ಸಾಧ್ಯವೇ ಇಲ್ಲ. ವುಡ್ ತಮ್ಮ ಡಿವಿಜನ್ನನ್ನು ಸಾಲಿನಿಂದ ಕಳಚಿ, ಬ್ರಾನನ್‌ರ ಬೆನ್ನ ಹಿಂದಿನಿಂದ ಹೊರಟರು. ಬಿಟ್ಟ ಜಾಗಕ್ಕೆ ಸರಿಯಾಗಿ ಎದುರಾಳಿ ಜನರಲ್ ಲಾಂಗ್‌ಸ್ಟ್ರೀಟ್‌ರ ಪಡೆ ನುಗ್ಗಿತು. ಗಾರ್ಫೀಲ್ಡ್ ಬರೆದಿದ್ದರೆ ಉದ್ದೇಶವನ್ನೂ ಸೇರಿಸುತ್ತಿದ್ದರು ಎನ್ನುವವರಿದ್ದಾರೆ, ಇರಬಹುದು. ಆದರೆ ಮೂಲ ತಪ್ಪು ವರದಿಯನ್ನು ಯಾರೂ ಹೋಗಿ ನೋಡದೆ ನಂಬಿದ್ದು.

ಬಲಭಾಗ ಚದುರಿದ ಮೇಲೆ ರೋಸ್‌ಕ್ರಾನ್ಸ್ ಹಿಂದಿನ ಚಟ್ಟನೂಗಾ ಪಟ್ಟಣಕ್ಕೆ ಹೋದರು. ಗಾರ್ಫೀಲ್ಡ್ ಕುದುರೆ ತಿರುಗಿಸಿ, ಗುಂಡಿನ ನಡುವೆಯೇ, ಸ್ನಾಡ್‌ಗ್ರಾಸ್ ಗುಡ್ಡದಲ್ಲಿ ಇನ್ನೂ ಕಾದಾಡುತ್ತಿದ್ದ ಜನರಲ್ ಥಾಮಸ್ ಬಳಿ ತಲುಪಿದರು. ಥಾಮಸ್ ನಿಂತಿದ್ದಾರೆ ಎಂಬ ಸುದ್ದಿಯನ್ನು ಅಲ್ಲಿಂದ ಕಳಿಸಿದರು. ಮೇಜರ್ ಜನರಲ್ ಪದವಿ ಬಂದದ್ದು ಇದಕ್ಕೇ.

ಪ್ರಶ್ನೆ: ಸಂಸತ್ತಿಗೆ ಗೆದ್ದೂ ಸೈನ್ಯದಲ್ಲಿ ಒಂದು ವರ್ಷ ಹೇಗೆ ಉಳಿದರು?

ಉತ್ತರ: ಅವರು ಗೆದ್ದದ್ದು 1862ರ ಅಕ್ಟೋಬರ್‌ನಲ್ಲಿ. ಆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮೊದಲ ಬಾರಿ ಸೇರಿದ್ದು 1863ರ ಡಿಸೆಂಬರ್ 7ರಂದು. ಅದಕ್ಕೆ ಎರಡು ದಿನ ಮುಂಚೆ ಸೇನೆಗೆ ರಾಜೀನಾಮೆ ಕೊಟ್ಟರು.