ಕಂಪನಿಯೊಳಗಿನ ರೊಟ್ಟಿ

ದಾವಣಗೆರೆಯಿಂದ ರಿಟೈರ್ಡ್ ಟೀಚರ್ ಒಬ್ರು ಕಾಗದ ಬರೆದಿದಾರೆ. ಅವರ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತಂತೆ, ಕಂಪನಿ ಅನ್ನೋದು ಸಂಸ್ಕೃತದ 'ಕಂಪನ'ದಿಂದ ಬಂದಿದ್ದು, ಬ್ರಿಟಿಷರನ್ನ ಕಂಡ್ರೆ ಜನ ಗಡಗಡ ನಡುಗ್ತಿದ್ರು ಅದಕ್ಕೇ ಆ ಹೆಸ್ರು ಅಂತ. ನಿಜಾನಾ? ಮಗ ಕೆಲಸ ಮಾಡೋ ಕಂಪನಿ, ಪಕ್ಕದ ಮನೆಯವ್ರು ಬಂದು ಕೊಡೋ ಕಂಪನಿ, ಎರಡೂ ಒಂದೇ ಪದಾನಾ? ನಮ್ಮಜ್ಜಿ ಕುಂಪಣಿ ಅಂತಿದ್ರು, ನೀವು ಕಂಪನಿ ಅಂತ ಹಾಕ್ತೀರಿ, ಬೇರೆ ಕಡೆ ಕಂಪೆನಿ ಅಂತಿರುತ್ತೆ, ಯಾವ್ದು ಸರಿ?

ಮೇಡಂ, ನಮಸ್ಕಾರ. ಫಾರ್ವರ್ಡ್ ಸುಳ್ಳು. ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಲಂಡನ್ನಿನ ವರ್ತಕರಿಗೆ ಎಲಿಜಬೆತ್ ರಾಣಿ ಸನ್ನದು ಕೊಟ್ಟಿದ್ದು 1600ರ ಡಿಸೆಂಬರ್ 31ಕ್ಕೆ, ಅದರಲ್ಲೇ ಕಂಪನಿ ಅನ್ನೋ ಮಾತಿದೆ, ಅಷ್ಟೊತ್ತಿಗಾಗ್ಲೇ ಇಂಗ್ಲಿಷಲ್ಲಿ ಆ ಪದಕ್ಕೆ ಮುನ್ನೂರು ವರ್ಷದ ಮೇಲಾಗಿತ್ತು. ನಮ್ಮವರು ನಡುಗಿದ್ದೆಲ್ಲ ಆಮೇಲಿನ ಕತೆ.

ಅದರ ಹೊಟ್ಟೆಯೊಳಗಿರೋದು ರೊಟ್ಟಿ. ಲ್ಯಾಟಿನ್ನಲ್ಲಿ 'ಕೊಮ್' ಅಂದ್ರೆ ಜೊತೆ, 'ಪಾನಿಸ್' ಅಂದ್ರೆ ಬ್ರೆಡ್ಡು, ಎರಡೂ ಸೇರಿ 'ಕೊಂಪಾನಿಯೊ', ಒಟ್ಟಿಗೆ ರೊಟ್ಟಿ ತಿನ್ನೋನು. ಇದು ಲ್ಯಾಟಿನ್ ಪಂಡಿತರ ಮಾತೂ ಅಲ್ಲ, ಉತ್ತರದ ಜರ್ಮನಿಕ್ ಜನರ ಮಾತನ್ನ ಹಾಗೇ ಲ್ಯಾಟಿನ್ನಿಗೆ ಇಳಿಸಿದ್ದು ಅಂತ ಭಾಷಾತಜ್ಞರ ಅಭಿಪ್ರಾಯ. ಆ ಜರ್ಮನಿಕ್ ಗುಂಪಿನ ಹಳೇ ಭಾಷೆ ಗೋಥಿಕ್‌ನಲ್ಲಿ 'ಗಹ್ಲೈಬ' ಅಂತಿದೆ, ಜೊತೆ-ರೊಟ್ಟಿಯವನು, ಅದರಲ್ಲಿರೋ 'ಹ್ಲೈಬ'ನೂ ಇವತ್ತಿನ ಇಂಗ್ಲಿಷಿನ 'ಲೋಫ್' ಕೂಡ ಒಂದೇ ಬೇರಿನವು. ರೂಮ್‌ಮೇಟ್ ಅಂತೀವಲ್ಲ, ಆ 'ಮೇಟ್' ಅನ್ನೋದೂ ಮೊದಲು ಜೊತೇಲಿ ಉಣ್ಣೋನೇ. ನಮ್ಮಲ್ಲಿ ಒಂದೇ ತಟ್ಟೇಲಿ ಉಂಡವ್ರು ಅಂತೀವಲ್ಲ, ಹಾಗೆ.

ಈ 'ಪಾನಿಸ್' ನಿಮ್ಮೂರಿಗೂ ಬೇರೆ ದಾರೀಲಿ ಬಂದಿದೆ. ಪೋರ್ಚುಗೀಸರ ಬಾಯಲ್ಲಿ ಅದು 'ಪಾಂವ್' ಥರ ಆಯ್ತು, ಗೋವಾದಲ್ಲಿ ಕೊಂಕಣಿಯವ್ರು ಪಾವ್ ಅಂದ್ರು, ಈಗ ಸಂಜೆ ಗಾಡಿ ಮುಂದೆ ನಿಂತು ತಿನ್ನೋ ಪಾವ್ ಭಾಜಿಯ ಪಾವ್ ಅದೇ. (ಹಿಂದೀಲಿ ಪಾಂವ್ ಅಂದ್ರೆ ಕಾಲು, ಹಿಟ್ಟನ್ನ ಕಾಲಲ್ಲಿ ನಾದಿದ್ರಿಂದ ಪಾವ್ ಅಂತ ಇನ್ನೊಂದು ಫಾರ್ವರ್ಡ್ ಇದೆ, ಅದನ್ನೂ ನಂಬ್ಬೇಡಿ.)

ಹಂಗಾಗಿ ಎರಡನೇ ಪ್ರಶ್ನೆಗೆ ಉತ್ತರ, ಹೌದು ಒಂದೇ ಪದ, ಪಕ್ಕದ ಮನೆಯವ್ರು ಕೊಡೋದೇ ಹಳೇ ಅರ್ಥ, ಮಗಂದು ಆಮೇಲೆ ಹುಟ್ಟಿದ್ದು. ಇಟಲಿಯ ಫ್ಲಾರೆನ್ಸಲ್ಲಿ ಅಣ್ಣ ತಮ್ಮ ಚಿಕ್ಕಪ್ಪ ಅಂತ ಮನೆಯವ್ರೇ ದುಡ್ಡು ಹಾಕಿ ಮಾಡ್ತಿದ್ದ ವ್ಯಾಪಾರಕ್ಕೆ 'ಕೊಂಪಾನ್ಯಿಯಾ' ಅಂತಿದ್ರು. ಲಾಭ ಬಂದ್ರೆ ಹಂಚ್ಕೊಳ್ಳೋರು, ಮುಳುಗಿದ್ರೆ ಎಲ್ಲರ ಆಸ್ತೀನೂ ಸಾಲಕ್ಕೆ. ಬಾರ್ಡಿ, ಪೆರುಜ್ಜಿ ಅಂತ ಎರಡು ದೊಡ್ಡ ಮನೆತನಗಳು ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡಿಗೆ ಸಾಲ ಕೊಟ್ಟು, ಅವನು ತೀರಿಸ್ದೆ, 1340ರ ದಶಕದಲ್ಲಿ ದಿವಾಳಿ ಎದ್ದವು, ಅದಕ್ಕೆ ಬೇರೆ ಕಾರಣಗಳೂ ಇದ್ವು ಬಿಡಿ.

ಆಮೇಲೆ ಕಾನೂನು ರೊಟ್ಟಿಯನ್ನ ಹೊರಗೆ ಹಾಕ್ತಾ ಬಂತು. 1855ರಲ್ಲಿ ಇಂಗ್ಲೆಂಡಲ್ಲಿ ಷೇರುದಾರರ ಹೊಣೆಗೆ ಮಿತಿ ಹಾಕೋ ಕಾಯ್ದೆ ಬಂತು, ಬೋರ್ಡುಗಳಲ್ಲಿ ಕಾಣೋ 'ಲಿಮಿಟೆಡ್' ಅದೇ. 1897ರಲ್ಲಿ ಸಾಲೊಮನ್ ಅನ್ನೋ ಬೂಟಿನ ವ್ಯಾಪಾರಿಯ ಕೇಸು, ಷೇರುದಾರರು ಯಾರಪ್ಪಾ ಅಂದ್ರೆ ಅವನು, ಹೆಂಡತಿ, ಐದು ಮಕ್ಕಳು ಅಷ್ಟೇ, ಆದ್ರೂ ಕಂಪನಿ ಬೇರೆ ಸಾಲೊಮನ್ ಬೇರೆ, ಕಂಪನಿ ಸಾಲ ಅವನ ತಲೆ ಮೇಲಲ್ಲ ಅಂತ ತೀರ್ಪಾಯ್ತು. ನಮ್ಮ 2013ರ ಕಂಪನಿ ಕಾಯ್ದೇಲಂತೂ 'ಒನ್ ಪರ್ಸನ್ ಕಂಪನಿ' ಅಂತಾನೇ ಇದೆ. ಒಬ್ಬನೇ ಕೂತು ಜೊತೇಲಿ ರೊಟ್ಟಿ ತಿನ್ನೋದು! ಪದದ ಮೂಲ ಗೊತ್ತಾದ್ಮೇಲೆ ನಂಗೆ ಆ ಹೆಸ್ರು ನೋಡಿದಾಗೆಲ್ಲ ನಗು.

ನನ್ನ ಕೇಳಿದ್ರೆ ಕರ್ನಾಟಕದಲ್ಲಿ ಆ ಹೆಸರಿಗೆ ತಕ್ಕಂಗೆ ಬದುಕಿದ್ದು ನಾಟಕ ಕಂಪನಿಗಳು. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಕಂಪನಿಯಿಂದ ಹಿಡಿದು ಊರೂರು ತಿರುಗಿದ ಇನ್ನೆಷ್ಟೋ ಕಂಪನಿಗಳಲ್ಲಿ ಕ್ಯಾಂಪ್ ಹಾಕಿದ ಕಡೆ ಅಡುಗೆ ಮನೆ ಕಂಪನಿದೇ, ರಾಜನ ಪಾರ್ಟಿನವ್ರೂ ಪರದೆ ಎಳೆಯೋರೂ ಉಣ್ತಿದ್ದಿದ್ದು ಅಲ್ಲೇ, ಕಲೆಕ್ಷನ್ ಇಲ್ಲದ ದಿನ ಸಂಬಳ ನಿಂತ್ರೂ ಒಲೆ ಹೆಂಗೋ ಉರೀಬೇಕು. ಲ್ಯಾಟಿನ್ ಗೊತ್ತಿಲ್ಲದೇನೇ ಪದದ ಬೇರಿಗೆ ಹೋಗಿ ಕೂತಿದ್ರು.

ಇನ್ನು ನಾವು ಇದಕ್ಕೆ ಅಂಟಿಸಿದ ಹೊಸ ಅರ್ಥಾನೂ ಇದೆ. ಸ್ಪೇರ್ ಪಾರ್ಟ್ಸ್ ಅಂಗಡೀಲಿ "ಲೋಕಲ್ಲಾ, ಕಂಪನೀದಾ?" ಅಂತ ಕೇಳ್ತಾರಲ್ಲ, ಅಲ್ಲಿ ಕಂಪನಿ ಅಂದ್ರೆ ಅಸಲಿ ಮಾಲು. ಲಂಡನ್ನಿನವನಿಗೆ ಈ ಅರ್ಥ ತಲೆಗೇ ಹೋಗಲ್ಲ.

ಸ್ಪೆಲಿಂಗ್ ವಿಷಯ. ನಿಮ್ಮಜ್ಜಿಯ ಕುಂಪಣಿ ತಪ್ಪಲ್ಲ, ಈಸ್ಟ್ ಇಂಡಿಯಾದವರ ಆಳ್ವಿಕೆಯನ್ನ ಕುಂಪಣಿ ಸರ್ಕಾರ ಅಂತಾನೇ ಜನ ಕರೆದಿದ್ದು, ಆ ಕಾಲದ ಲೇಖನ ಬಂದ್ರೆ ನಾವೂ ಹಾಗೇ ಬಿಡ್ತೀವಿ. ಉಳಿದ ಕಡೆ ಕಂಪನಿ. ನೀವು ಕಂಪೆನಿ ಅಂತ ಬರೆದು ಕಳ್ಸಿದ್ರೂ ಪರವಾಗಿಲ್ಲ ಮೇಡಂ, ಆ ಎ-ಕಾರ ನಮ್ಮ ಪ್ರೂಫ್ ನೋಡೋ ಹುಡುಗ ತೆಗೀತಾನೆ.